ಕಚ್ಚಿದ ಗುರುತು, ಕಾಯಿಲೆಯ ಗುರುತು

ಕುದುರೆಯೊಂದು ಕುಂಟುತ್ತಿದೆ. ಇವತ್ತು ಮುಂಗಾಲು, ನಾಲ್ಕು ದಿನ ಬಿಟ್ಟು ಹಿಂಗಾಲು. ಮೈ ಮುಟ್ಟಿದರೆ ಕೊಸರುತ್ತದೆ, ಮೊದಲಿನ ಹುರುಪಿಲ್ಲ. ಅಮೆರಿಕದ ಈಶಾನ್ಯ ಭಾಗದಲ್ಲಿ, ಕನೆಕ್ಟಿಕಟ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾದ ಕಡೆ, ಇಂಥ ಕುದುರೆಯ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ವಾಡಿಕೆ. ಲೈಮ್ ರೋಗದ ಪರೀಕ್ಷೆ ಪಾಸಿಟಿವ್ ಎಂದು ಉತ್ತರ ಬರುತ್ತದೆ. ಕಾರಣ ಸಿಕ್ಕಿತಲ್ಲ ಎಂದು ಒಡೆಯನಿಗೆ ಸಮಾಧಾನ. ಆದರೆ ಅದೇ ಲಾಯದಲ್ಲಿ ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿರುವ ಇನ್ನೊಂದು ಕುದುರೆಯ ರಕ್ತ ಕಳಿಸಿದ್ದರೂ ಅದೇ ಉತ್ತರ ಬರುವ ಸಾಧ್ಯತೆ ಸಾಕಷ್ಟಿದೆ. ಹಾಗಾದರೆ ಆ ಪಾಸಿಟಿವ್ ಹೇಳುವುದೇನನ್ನು? ಉಣುಗು ಕಚ್ಚಿದ್ದನ್ನೋ, ಉಣುಗಿನಿಂದ ಕಾಯಿಲೆ ಬಂದದ್ದನ್ನೋ?

ಕುದುರೆಗಳಿಗೆ ಉಣುಗಿನಿಂದ ತಗಲುವ ಬ್ಯಾಕ್ಟೀರಿಯಾ ರೋಗಗಳ ಬಗ್ಗೆ ಅರವತ್ತು ವರ್ಷಗಳಲ್ಲಿ ಕೂಡಿಬಂದಿರುವ ತಿಳಿವಳಿಕೆಯನ್ನು ಒಟ್ಟಿಗಿಟ್ಟು ನೋಡಿದಾಗ ನನ್ನನ್ನು ಬಿಡದೆ ಹಿಡಿದುಕೊಳ್ಳುವುದು ಈ ಪ್ರಶ್ನೆಯೇ. ಮುಖ್ಯವಾದ ರೋಗಗಳು ಎರಡು: ಅನಾಪ್ಲಾಸ್ಮೋಸಿಸ್ ಮತ್ತು ಲೈಮ್. ಎರಡನ್ನೂ ತರುವುದು ಐಕ್ಸೋಡಿಸ್ ಕುಲದ ಉಣುಗುಗಳೇ. ಎರಡಕ್ಕೂ ಕೊಡುವುದು ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಯನ್ನೇ. ಆದರೂ ಮೊದಲನೆಯದನ್ನು ಗುರುತಿಸುವುದು ಸುಲಭ, ವಾಸಿ ಮಾಡುವುದು ಇನ್ನೂ ಸುಲಭ. ಎರಡನೆಯದರ ವಿಷಯದಲ್ಲಿ ತಜ್ಞರೂ ಹೆಜ್ಜೆ ಹೆಜ್ಜೆಗೆ ತಡವರಿಸುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ನೋಡದೆ ಕುದುರೆಗೆ ನ್ಯಾಯ ಸಿಗುವುದಿಲ್ಲ.

ಉಣುಗನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಉಣ್ಣೆ ಎಂದರೂ ಅದೇ, ಉಣುಗು ಎಂದರೂ ಅದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಜನ ಜ್ವರದಲ್ಲಿ ಮಲಗಿದಾಗಿನಿಂದ ಮಲೆನಾಡು ಈ ಸಣ್ಣ ಜೀವಿಗೆ ಹೆದರುತ್ತಲೇ ಬಂದಿದೆ. ಮಂಗನ ಕಾಯಿಲೆಗೆ ಕಾರಣ ವೈರಸ್, ಇಲ್ಲಿ ಹೇಳುತ್ತಿರುವುದು ಬ್ಯಾಕ್ಟೀರಿಯಾ. ಉಣುಗಿನ ಜಾತಿಯೂ ಬೇರೆ. ಬಾಳುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ಮೊಟ್ಟೆಯೊಡೆದ ಮರಿಗೆ ಆರು ಕಾಲು. ಒಮ್ಮೆ ರಕ್ತ ಹೀರಿ, ಕಳಚಿ ಬಿದ್ದು, ಪೊರೆ ಬಿಟ್ಟು ಅದು ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಇನ್ನೊಮ್ಮೆ ಹೀರಿ ಬಲಿಯುತ್ತದೆ. ಬಲಿತ ಹೆಣ್ಣು ಮೂರನೆಯ ಸಲ ಹೊಟ್ಟೆತುಂಬ ಹೀರಿ, ಮೊಟ್ಟೆಯಿಟ್ಟು ಸಾಯುತ್ತದೆ. ಐಕ್ಸೋಡಿಸ್ ಉಣುಗಿಗೆ ಇಷ್ಟಾಗಲು ಎರಡು ಮೂರು ವರ್ಷ ಬೇಕು. ಆಯುಷ್ಯದಲ್ಲಿ ಅದಕ್ಕೆ ಮೂರೇ ಊಟ. ತಾಯಿಯಿಂದ ಮೊಟ್ಟೆಗೆ ಈ ಬ್ಯಾಕ್ಟೀರಿಯಾಗಳು ದಾಟುವುದಿಲ್ಲವೆಂದೇ ಹೇಳಬೇಕು. ಮೊದಲ ಊಟದಲ್ಲಿ ಇಲಿಯದೋ ಅಳಿಲಿನದೋ ರಕ್ತದೊಂದಿಗೆ ಒಳಸೇರಿದ್ದು ಮುಂದಿನ ಊಟದ ಹೊತ್ತಿಗೆ ಬೇರೊಂದು ಪ್ರಾಣಿಯ ಮೈಸೇರುತ್ತದೆ. ಕುದುರೆ ಈ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿಕೊಂಡ ಪ್ರಾಣಿ. ಒಂದು ಕುದುರೆಯಿಂದ ಪಕ್ಕದ ಕುದುರೆಗೆ ಈ ರೋಗಗಳು ಅಂಟುವುದಿಲ್ಲ. ಒಂದೇ ಹುಲ್ಲುಗಾವಲಿನಲ್ಲಿ ಎರಡು ಕುದುರೆ ಕಾಯಿಲೆ ಬಿದ್ದರೆ ಅವೆರಡನ್ನೂ ಉಣುಗೇ ಕಚ್ಚಿದೆ ಎಂದು ತಿಳಿಯಬೇಕು.

ಮೊದಲು ಅನಾಪ್ಲಾಸ್ಮೋಸಿಸ್. 1960ರ ದಶಕದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟದ ತಪ್ಪಲಿನ ಕುದುರೆಗಳಲ್ಲಿ ಹೊಸ ಬಗೆಯ ಜ್ವರವೊಂದು ಕಾಣಿಸಿಕೊಂಡಿತು. 1969ರಲ್ಲಿ ಡಿ. ಎಚ್. ಗ್ರಿಬಲ್ ಅದನ್ನು ವಿವರವಾಗಿ ದಾಖಲಿಸಿದರು. ರೋಗಾಣುವಿಗೆ ಆಗ ಎರ್ಲಿಕಿಯಾ ಈಕ್ವಿ ಎಂದು ಹೆಸರಿಟ್ಟರು. ಉಣುಗು ಕಚ್ಚಿದ ಒಂದೆರಡು ವಾರದೊಳಗೆ ಜ್ವರ ಏರುತ್ತದೆ. ಆರೋಗ್ಯವಾಗಿರುವ ಕುದುರೆಯ ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಈ ರೋಗದಲ್ಲಿ 40 ದಾಟುತ್ತದೆ, ಒಮ್ಮೊಮ್ಮೆ 41 ಮುಟ್ಟುತ್ತದೆ. ಮೊದಲೆರಡು ದಿನ ಬರೀ ಜ್ವರ, ಮೇವು ಬೇಡ. ಆಮೇಲೆ ಕುದುರೆ ಮಂಕಾಗಿ ತಲೆ ತಗ್ಗಿಸಿ ನಿಲ್ಲುತ್ತದೆ. ನಾಲ್ಕೂ ಕಾಲು ಮೊಣಕಾಲಿನಿಂದ ಕೆಳಗೆ ಬಾತುಕೊಳ್ಳುತ್ತವೆ. ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ, ವಸಡಿನ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳೇಳುತ್ತವೆ. ಕೆಲವು ಕುದುರೆಗಳು ನಡೆಯುವಾಗ ತೂರಾಡುತ್ತವೆ, ಬಿದ್ದು ಮೂಳೆ ಮುರಿದುಕೊಳ್ಳುವುದೂ ಉಂಟು. ಇದರಲ್ಲಿ ವಯಸ್ಸಿನ ಲೆಕ್ಕವೊಂದಿದೆ. ಒಂದು ವರ್ಷದೊಳಗಿನ ಮರಿಗೆ ಸಾಮಾನ್ಯವಾಗಿ ಜ್ವರ ಮಾತ್ರ ಬಂದು ಹೋಗುತ್ತದೆ. ಒಂದರಿಂದ ಮೂರು ವರ್ಷದವಕ್ಕೆ ಸಾಧಾರಣವಾಗಿ ಕಾಡುತ್ತದೆ. ಅದಕ್ಕಿಂತ ದೊಡ್ಡ ಕುದುರೆಗಳೇ ಜೋರಾಗಿ ನರಳುವುದು.

ಇದನ್ನು ಪತ್ತೆಹಚ್ಚುವ ಬಗೆ ಸರಳ, ನೋಡಲೂ ಚಂದ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಒಳಗೆ ನೀಲಿ ಬೂದು ಬಣ್ಣದ ಉಂಡೆಗಳು ಕಾಣುತ್ತವೆ. ಒಂದೊಂದು ಉಂಡೆಯೂ ಹತ್ತಾರು ಬ್ಯಾಕ್ಟೀರಿಯಾಗಳ ಗೊಂಚಲು. ಅದಕ್ಕೆ ಮೊರುಲಾ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಪುಟ್ಟ ಹಿಪ್ಪುನೇರಳೆ ಹಣ್ಣು. ರಾಮನಗರ, ಚಿಂತಾಮಣಿಯ ಕಡೆಯ ರೇಷ್ಮೆ ಬೆಳೆಗಾರರಿಗೆ ಚಿತ್ರ ಕೂಡಲೇ ಕಣ್ಣಮುಂದೆ ಬಂದೀತು: ಸಣ್ಣ ಸಣ್ಣ ಕಾಳು ಒತ್ತಾಗಿ ಕೂಡಿದ ಉದ್ದುಂಡೆ. ಜ್ವರ ಏರಿದ ಮೊದಲ ಒಂದೆರಡು ದಿನ ಇವು ಸಿಗದಿರಬಹುದು, ಆಮೇಲೆ ಹೆಚ್ಚುತ್ತವೆ. ಗೊಂಚಲು ಸಿಗದಿದ್ದರೆ ಪಿಸಿಆರ್ ಪರೀಕ್ಷೆಯಿದೆ. ಏನೇ ಆದರೂ ಇಲ್ಲಿ ವೈದ್ಯನ ಕಣ್ಣಿಗೆ ಬೀಳುವುದು ಸ್ವತಃ ರೋಗಾಣು, ಅದರ ಹೆಜ್ಜೆಗುರುತಲ್ಲ.

ಆ ಬ್ಯಾಕ್ಟೀರಿಯಾ ಮನೆ ಮಾಡುವ ಜಾಗವೇ ಆಶ್ಚರ್ಯಕರ. ನ್ಯೂಟ್ರೋಫಿಲ್ ಎಂದರೆ ಮೈಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುವ ಕಾವಲುಗಾರ. ನುಂಗಿದ್ದನ್ನು ಒಂದು ಚೀಲದಲ್ಲಿ ಮುಚ್ಚಿ, ಅದಕ್ಕೆ ಜೀರ್ಣರಸದ ಚೀಲವನ್ನು ಕೂಡಿಸಿ ಕರಗಿಸುತ್ತದೆ. ಅನಾಪ್ಲಾಸ್ಮಾ ಆ ಎರಡು ಚೀಲಗಳು ಕೂಡದಂತೆ ತಡೆಯುತ್ತದೆ. ಕೊಲ್ಲಲು ಬಳಸುವ ಆಮ್ಲಜನಕದ ವಿಷವನ್ನೂ ಅಡಗಿಸುತ್ತದೆ. ನ್ಯೂಟ್ರೋಫಿಲ್‌ನ ಆಯುಷ್ಯ ಬಹಳ ಕಿರಿದು; ಬಾಡಿಗೆದಾರ ಬೆಳೆಯುವ ಮೊದಲೇ ಮನೆ ಕುಸಿಯಬೇಕು. ಅದು ಕುಸಿಯದಂತೆ, ಕಣ ತಾನಾಗಿ ಸಾಯುವ ಕ್ರಿಯೆಯನ್ನೇ ಈ ಜೀವಿ ಮುಂದೂಡುತ್ತದೆ. ಕಾವಲುಗಾರನ ಕೈಕಟ್ಟಿದ್ದರಿಂದ ಇತರ ಸೋಂಕುಗಳೂ ಒಳನುಗ್ಗುತ್ತವೆ. ಬ್ರಿಟನ್ನಿನ ಗುಡ್ಡಗಾಡಿನ ಕುರಿಮರಿಗಳಲ್ಲಿ ಇದು ಎದ್ದು ಕಾಣುತ್ತದೆ: ಉಣುಗು ಕಚ್ಚಿ ಅನಾಪ್ಲಾಸ್ಮಾ ಸೇರಿದ ಮರಿಗಳ ಕೀಲುಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಕೂತು ಕೀವಾಗಿ ಅವು ಕಾಲೆಳೆಯುತ್ತವೆ.

ಕುರಿಯ ಮಾತು ಬಂದದ್ದು ಸುಮ್ಮನಲ್ಲ. 1932ರಲ್ಲೇ ಸ್ಕಾಟ್ಲೆಂಡಿನಲ್ಲಿ ಗಾರ್ಡನ್ ಮತ್ತು ಸಂಗಡಿಗರು ಕುರಿಗಳಲ್ಲಿ ಉಣುಗು ಜ್ವರವನ್ನು ಗುರುತಿಸಿದ್ದರು. ಅದಾದ ಮೇಲೆ ಕ್ಯಾಲಿಫೋರ್ನಿಯಾದ ಕುದುರೆ. ಮೂರನೆಯ ಸರದಿ ಮನುಷ್ಯನದು. 1990ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೋಗಿ ತೀವ್ರ ಜ್ವರದಿಂದ ತೀರಿಕೊಂಡರು. ಅವರ ನ್ಯೂಟ್ರೋಫಿಲ್‌ಗಳಲ್ಲಿ ಅದೇ ಹಿಪ್ಪುನೇರಳೆ ಗೊಂಚಲು ಕಂಡಿತು. 1994ರ ಹೊತ್ತಿಗೆ ಬಾಕನ್, ಡಮ್ಲರ್, ಚೆನ್ ಮೊದಲಾದವರು ಇದನ್ನು ಹೊಸ ಮಾನವ ರೋಗವೆಂದು ಪ್ರಕಟಿಸಿದರು. ಇದಕ್ಕೂ ಕುದುರೆಯ ಹಳೆಯ ಜ್ವರಕ್ಕೂ ಸಂಬಂಧವಿದೆಯೇ? ಉತ್ತರ ಕೊಟ್ಟದ್ದು ಕುದುರೆಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯಲ್ಲಿ ಜಾನ್ ಮ್ಯಾಡಿಗನ್ ಮತ್ತು ತಂಡ ಮನುಷ್ಯ ರೋಗಿಯ ರಕ್ತದಿಂದ ಕುದುರೆಗಳಿಗೆ ಸೋಂಕು ದಾಟಿಸಿ ನೋಡಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕುದುರೆಗಳಿಗೆ ಬಂದದ್ದು ಅದೇ ಹಳೆಯ ಜ್ವರ. ಅದರಿಂದ ಚೇತರಿಸಿಕೊಂಡ ಕುದುರೆಗಳಿಗೆ ಕುದುರೆಯ ಮೂಲದ ರೋಗಾಣು ಕೊಟ್ಟರೂ ಕಾಯಿಲೆ ಬರಲಿಲ್ಲ. ಒಂದರ ವಿರುದ್ಧದ ರಕ್ಷಣೆ ಇನ್ನೊಂದಕ್ಕೂ ಸಂದಿತ್ತು. 2001ರಲ್ಲಿ ಕುರಿಯ, ಕುದುರೆಯ, ಮನುಷ್ಯನ ಮೂರೂ ರೋಗಾಣುಗಳನ್ನು ಅನಾಪ್ಲಾಸ್ಮಾ ಫ್ಯಾಗೊಸೈಟೋಫಿಲಮ್ ಎಂಬ ಒಂದೇ ಹೆಸರಿನ ಕೆಳಗೆ ತಂದರು. ಮನುಷ್ಯರ ವೈದ್ಯರಿಗೆ ಹೊಸದಾಗಿದ್ದ ರೋಗವನ್ನು ಪಶುವೈದ್ಯರು ಇಪ್ಪತ್ತೈದು ವರ್ಷ ಮೊದಲೇ ಬಲ್ಲವರಾಗಿದ್ದರು. ಈ ಎರಡು ವೈದ್ಯಲೋಕಗಳು ಇನ್ನಷ್ಟು ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದರೆ ಎಂಬ ಆಸೆ ಈ ಕತೆ ಓದಿದಾಗಲೆಲ್ಲ ನನ್ನಲ್ಲಿ ಏಳುತ್ತದೆ.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಅನ್ನು ರಕ್ತನಾಳಕ್ಕೆ ಕೊಟ್ಟರೆ ಬಹುತೇಕ ಕುದುರೆಗಳ ಜ್ವರ ಒಂದು ದಿನದೊಳಗೆ ಇಳಿಯುತ್ತದೆ. ಮರುಕಳಿಸದಿರಲೆಂದು ಒಂದು ವಾರದವರೆಗೆ ಮುಂದುವರಿಸುತ್ತಾರೆ. ಔಷಧಿ ಕೊಡದೆ ಬಿಟ್ಟರೂ ಎರಡು ಮೂರು ವಾರದಲ್ಲಿ ತಾನಾಗಿ ವಾಸಿಯಾಗುವ ಕುದುರೆಗಳೇ ಹೆಚ್ಚು, ಆದರೆ ಆ ದಿನಗಳ ನರಳಾಟವನ್ನು ನೋಡಿಕೊಂಡು ಕೂರಲು ಯಾರಿಗೆ ಮನಸ್ಸು ಬಂದೀತು? ಎಚ್ಚರ ಬೇಕಾದದ್ದು ಎರಡು ಕಡೆ. ಆಕ್ಸಿಟೆಟ್ರಾಸೈಕ್ಲಿನ್ ಅನ್ನು ತೆಳುಮಾಡಿ ನಿಧಾನವಾಗಿ ಬಿಡಬೇಕು, ಮೈಯಲ್ಲಿ ನೀರಿನಂಶ ಕಡಿಮೆಯಾದ ಕುದುರೆಯ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಎರಡನೆಯದು ಜೀವದ ಪ್ರಶ್ನೆ: ಇದೇ ಗುಂಪಿನ ಡಾಕ್ಸಿಸೈಕ್ಲಿನ್ ಅನ್ನು ಕುದುರೆಗೆ ಬಾಯಿಯಿಂದ ಕೊಡಬಹುದು, ರಕ್ತನಾಳಕ್ಕೆ ಎಂದೂ ಕೊಡಬಾರದು. ಕೊಟ್ಟರೆ ಹೃದಯ ಕುಸಿದು ಕುದುರೆ ನಿಂತಲ್ಲೇ ಬೀಳುತ್ತದೆ.

ಲೈಮ್‌ಗೆ ಬಂದರೆ ನೆಲ ಇಷ್ಟು ಗಟ್ಟಿಯಿಲ್ಲ. 1970ರ ದಶಕದ ನಡುವಿನಲ್ಲಿ ಕನೆಕ್ಟಿಕಟ್‌ನ ಲೈಮ್ ಮತ್ತು ಓಲ್ಡ್ ಲೈಮ್ ಊರುಗಳಲ್ಲಿ ಮಕ್ಕಳಿಗೆ ಗುಂಪುಗುಂಪಾಗಿ ಕೀಲುನೋವು ಬಂತು. ಸುಮ್ಮನಿರದ ತಾಯಂದಿರ ದೂರಿನಿಂದ ತನಿಖೆ ಶುರುವಾಯಿತು. ಮಾಂಟಾನಾದ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಿದ್ದ ಸ್ವಿಸ್ ಮೂಲದ ವಿಲ್ಲಿ ಬರ್ಗ್‌ಡಾರ್ಫರ್, ನ್ಯೂಯಾರ್ಕಿನ ಶೆಲ್ಟರ್ ದ್ವೀಪದಿಂದ ಬಂದ ಉಣುಗುಗಳ ಕರುಳಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡು 1982ರಲ್ಲಿ ಪ್ರಕಟಿಸಿದರು. ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂಬ ಹೆಸರಿನಲ್ಲಿ ಅವರ ನೆನಪಿದೆ. 1986ರಲ್ಲಿ ವಿಸ್ಕಾನ್ಸಿನ್‌ನ ಒಂದು ಪೋನಿಯಲ್ಲಿ ಕೀಲುಬಾವು, ಕಣ್ಣಿನ ಉರಿಯೂತಗಳ ಜೊತೆ ಈ ಸೋಂಕು ವರದಿಯಾಯಿತು. ಆಮೇಲೆ ಕುದುರೆಯ ಮಾಸದ ಕುಂಟು, ಬಿಗಿದ ಬೆನ್ನು, ಸಿಡುಕು, ಸೋಮಾರಿತನಗಳಿಗೆಲ್ಲ ಲೈಮ್ ಕಾರಣವೆನ್ನುವ ಅಭ್ಯಾಸ ಬೆಳೆಯಿತು.

ಆ ಅಭ್ಯಾಸವನ್ನು ಅಲುಗಿಸಿದ್ದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಯುಂಗ್-ಫು ಚಾಂಗ್ ಮತ್ತು ಸಂಗಡಿಗರು ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗ. ಸೋಂಕುಳ್ಳ ಉಣುಗುಗಳನ್ನು ಪೋನಿಗಳ ಮೈಮೇಲೆ ಬಿಟ್ಟು ತಿಂಗಳುಗಟ್ಟಲೆ ನೋಡಿದರು. ಸೋಂಕು ತಗಲಿತು, ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದವು, ಉಣುಗು ಕಚ್ಚಿದ ಜಾಗದ ಚರ್ಮದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಆದರೆ ಪೋನಿಗಳಿಗೆ ಜ್ವರ ಬರಲಿಲ್ಲ, ಅವು ಕುಂಟಲೂ ಇಲ್ಲ. ಬೆರಳೆಣಿಕೆಯ ಪೋನಿಗಳ ಮೇಲೆ ನಡೆದ ಪ್ರಯೋಗ ಇದು, ಅವನ್ನು ನೋಡಿದ್ದೂ ಕೆಲವೇ ತಿಂಗಳು. ಕುದುರೆಗೆ ಲೈಮ್ ಬರುವುದೇ ಇಲ್ಲ ಎಂದು ಇದರಿಂದ ಹೇಳಲಾಗದು. ಸೋಂಕು ಬೇರೆ, ಕಾಯಿಲೆ ಬೇರೆ ಎಂಬುದನ್ನಂತೂ ಇದು ಖಚಿತಪಡಿಸಿತು. ಉಣುಗು ಹೆಚ್ಚಿರುವ ಕಡೆ ಆರೋಗ್ಯವಂತ ಕುದುರೆಗಳಲ್ಲೂ ಮೂರರಲ್ಲಿ ಒಂದರಷ್ಟು, ಕೆಲವೆಡೆ ಇನ್ನೂ ಹೆಚ್ಚು, ಪ್ರತಿಕಾಯ ಹೊತ್ತು ತಿರುಗುತ್ತಿರುತ್ತವೆ.

ಪರೀಕ್ಷೆಗಳು ಮೊದಲಿಗಿಂತ ಸೂಕ್ಷ್ಮವಾಗಿವೆ ಎಂಬುದನ್ನು ಒಪ್ಪಬೇಕು. ಉಣುಗಿನ ಕರುಳಿನಲ್ಲಿರುವಾಗ ಬೊರೇಲಿಯಾ ತೊಡುವ ಪ್ರೋಟೀನಿನ ಹೊದಿಕೆಯೇ ಬೇರೆ, ಕುದುರೆಯ ಮೈಗೆ ದಾಟುವಾಗ ತೊಡುವುದೇ ಬೇರೆ, ಅಲ್ಲಿ ನೆಲೆಯೂರಿದ ಮೇಲಿನದು ಇನ್ನೂ ಬೇರೆ. ಉಡುಪು ಬದಲಿಸಿ ಉಣುಗಿನ ಜೊಲ್ಲಿಗೆ ಬರಲು ಅದಕ್ಕೆ ಒಂದೆರಡು ದಿನ ಬೇಕು. ಉಣುಗನ್ನು ಬೇಗ ಕಿತ್ತರೆ ಸೋಂಕು ತಪ್ಪುವುದು ಇದೇ ಕಾರಣಕ್ಕೆ. ಕಾರ್ನೆಲ್‌ನ ಪರೀಕ್ಷೆ ಆ ಒಂದೊಂದು ಹೊದಿಕೆಯ ವಿರುದ್ಧದ ಪ್ರತಿಕಾಯವನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ದಾಟುವಾಗಿನ ಹೊದಿಕೆಯಾದ ಓಸ್ಪ್-ಸಿಯ ಪ್ರತಿಕಾಯ ಹೆಚ್ಚಿದ್ದರೆ ಸೋಂಕು ಹೊಸದು, ನೆಲೆಯೂರಿದ ಮೇಲಿನ ಓಸ್ಪ್-ಎಫ್‌ನದು ಹೆಚ್ಚಿದ್ದರೆ ಹಳೆಯದು ಎಂದು ಊಹಿಸಬಹುದು. ಕಾಲದ ಸುಳಿವು ಸಿಕ್ಕಿತು. ಆದರೆ ಈ ಕುದುರೆಯ ಈ ಕುಂಟಿಗೆ ಆ ಸೋಂಕೇ ಕಾರಣವೆಂದು ಹೇಳುವ ಅಂಕಿ ಯಾವ ಪರೀಕ್ಷೆಯಲ್ಲೂ ಇಲ್ಲ.

ಅಮೆರಿಕದ ಪಶುವೈದ್ಯ ತಜ್ಞರು ಕೂಡಿ 2018ರಲ್ಲಿ ಹೊರತಂದ ಒಮ್ಮತದ ಹೇಳಿಕೆ ಈ ಕಾರಣಕ್ಕೇ ಬಹಳ ಸಂಯಮದ್ದು. ಕುದುರೆಯಲ್ಲಿ ಬೊರೇಲಿಯಾದಿಂದಲೇ ಬರುವುದೆಂದು ಅವರು ನಂಬಲರ್ಹ ಆಧಾರ ಕಂಡದ್ದು ಮೂರರಲ್ಲಿ: ಮಿದುಳು ಮತ್ತು ನರಗಳ ಉರಿಯೂತ, ಕಣ್ಣೊಳಗಿನ ಉರಿಯೂತ, ಉಣುಗು ಕಚ್ಚಿದಲ್ಲಿ ಏಳುವ ಒಂದು ಬಗೆಯ ಚರ್ಮದ ಗಂಟು. ಈ ಪೈಕಿ ನರಗಳ ರೋಗ ಭಯಂಕರ. ಕತ್ತು ಬಿಗಿಯುತ್ತದೆ, ಸ್ನಾಯು ಕರಗುತ್ತದೆ, ಮುಖದ ಒಂದು ಪಕ್ಕ ಜೋತುಬೀಳುತ್ತದೆ, ಹೆಜ್ಜೆ ಹಿಡಿತ ತಪ್ಪುತ್ತದೆ. ಬದುಕಿರುವಾಗ ಗುರುತಿಸುವುದು ಕಷ್ಟ. ಗುರುತಿಸಿದರೂ ಉಳಿಯುವುದು ಕಡಿಮೆ. ಎಲ್ಲರ ಬಾಯಲ್ಲಿರುವ ಆ ಜಾಗ ಬದಲಿಸುವ ಕುಂಟು ಮಾತ್ರ ಈ ಗಟ್ಟಿ ಆಧಾರದ ಪಟ್ಟಿಯಲ್ಲಿಲ್ಲ.

ಔಷಧಿ ಕೊಟ್ಟ ಮೇಲೆ ಕುದುರೆ ಚೇತರಿಸಿತಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ಕೇಳುವವರಿದ್ದಾರೆ. ಅವರ ಪ್ರೀತಿಯನ್ನು ಗೌರವಿಸುತ್ತಲೇ ಹೇಳಬೇಕು: ಆ ಸಾಕ್ಷಿ ನಿಲ್ಲುವುದಿಲ್ಲ. ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್‌ಗಳು ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವುದಷ್ಟೇ ಅಲ್ಲ, ಮೃದ್ವಸ್ಥಿಯನ್ನು ಕೊರೆಯುವ ಕಿಣ್ವಗಳನ್ನೂ ಕೀಲಿನ ಉರಿಯನ್ನೂ ತಗ್ಗಿಸುತ್ತವೆ. ಸವೆದ ಕೀಲಿನಿಂದ ಕುಂಟುತ್ತಿದ್ದ ಕುದುರೆಯೂ ಈ ಗುಳಿಗೆ ತಿಂದು ನಾಲ್ಕು ವಾರ ಹಗುರಾಗಿ ಓಡಾಡೀತು. ಆ ನಾಲ್ಕು ವಾರ ನಿಜವಾದ ಕಾರಣ, ಗೊರಸಿನದೋ ಸ್ನಾಯುರಜ್ಜುವಿನದೋ, ಒಳಗೇ ಬೆಳೆಯುತ್ತಿರುತ್ತದೆ. ನನಗೆ ಅತ್ಯಂತ ಕಳವಳ ತರುವುದು ಇದು. ಲೈಮ್ ಎಂಬ ಹೆಸರು ಬೇಗ ಸಿಕ್ಕಿಬಿಟ್ಟರೆ ಹುಡುಕಾಟ ನಿಂತುಹೋಗುತ್ತದೆ, ಬಾಯಿಲ್ಲದ ಪ್ರಾಣಿ ಅದರ ಬೆಲೆ ತೆರುತ್ತದೆ.

ಉಣುಗಿನ ಮೇಲೆ ಆರೋಪ ಹೊರಿಸುವ ಆತುರ ಹಿಂದೆಯೂ ದಾರಿತಪ್ಪಿಸಿದೆ. 1979ರಲ್ಲಿ ಮೇರಿಲೆಂಡ್‌ನ ಪೊಟೋಮ್ಯಾಕ್ ನದಿಯ ಬಳಿ ಕುದುರೆಗಳಿಗೆ ಜ್ವರ, ಭೇದಿ ಬಂದು ಹಲವು ಸತ್ತವು. 1984ರಲ್ಲಿ ಸಿಕ್ಕ ರೋಗಾಣು ಎರ್ಲಿಕಿಯಾ ಕುಲದ್ದೆಂದು ಎಣಿಸಲಾಯಿತು. ಎರ್ಲಿಕಿಯಾದ ನೆಂಟರು ಹೆಚ್ಚಾಗಿ ಉಣುಗಿನ ಮೂಲಕ ಬರುವವರು, ಹಾಗಾಗಿ ಇದೂ ಉಣುಗಿನದೇ ಇರಬೇಕೆಂದು ವರ್ಷಗಟ್ಟಲೆ ಉಣುಗು ಹಿಡಿದು ಪರೀಕ್ಷಿಸಿದರು. ಏನೂ ಸಿಗಲಿಲ್ಲ. ಕುದುರೆಗಳು ಬೇಸಿಗೆಯಲ್ಲಿ, ನದಿ, ಹೊಳೆಗಳ ಹತ್ತಿರವೇ ಕಾಯಿಲೆ ಬೀಳುತ್ತಿದ್ದವು. 1990ರ ದಶಕದ ಕೊನೆಗೆ ಬಯಲಾದದ್ದು ಹೀಗೆ: ಬ್ಯಾಕ್ಟೀರಿಯಾ ಇರುವುದು ಸಿಹಿನೀರಿನ ಬಸವನಹುಳುವಿನಲ್ಲಿ ಬೆಳೆಯುವ ಚಪ್ಪಟೆ ಹುಳದೊಳಗೆ, ಅಲ್ಲಿಂದ ಅದು ನೀರಿನ ಕೀಟಗಳಿಗೆ ಹೋಗುತ್ತದೆ, ರಾತ್ರಿ ದೀಪಕ್ಕೆ ಹಾರಿಬಂದು ಮೇವಿನಲ್ಲಿ, ನೀರಿನ ತೊಟ್ಟಿಯಲ್ಲಿ ಬಿದ್ದ ಆ ಕೀಟಗಳನ್ನು ಕುದುರೆ ನುಂಗುತ್ತದೆ. ಲಾಯದ ದೀಪ ಆರಿಸುವುದೇ ಅಲ್ಲಿ ಒಂದು ಮದ್ದಾಯಿತು. ರೋಗಾಣುವಿನ ಕುಲವನ್ನೂ ಬದಲಿಸಿ ನಿಯೋರಿಕೆಟ್ಸಿಯಾ ಎಂದರು.

ಇನ್ನು ತಡೆ. ಕುದುರೆಗೆಂದು ಪರವಾನಗಿ ಪಡೆದ ಲಸಿಕೆ ಅಮೆರಿಕದಲ್ಲಿ ಎರಡೂ ರೋಗಕ್ಕಿಲ್ಲ. ನಾಯಿಯ ಲೈಮ್ ಲಸಿಕೆಯನ್ನು ಕೆಲವು ವೈದ್ಯರು ಕುದುರೆಗೆ ಕೊಡುತ್ತಾರೆ, ಅದು ಹುಟ್ಟಿಸುವ ಪ್ರತಿಕಾಯ ಬೇಗ ಇಳಿಯುತ್ತದೆ. ಉಳಿದದ್ದು ಕೈಕೆಲಸ: ಕತ್ತಿನ ಕೂದಲ ಬುಡ, ದವಡೆಯ ಸಂದು, ಮುಂಗಾಲಿನ ಕಂಕುಳು, ತೊಡೆಯ ಒಳಭಾಗ, ಬಾಲದ ಬುಡವನ್ನು ದಿನವೂ ಬೆರಳಾಡಿಸಿ ನೋಡುವುದು, ಪರ್ಮೆತ್ರಿನ್ ಸಿಂಪಡಿಸುವುದು, ಹುಲ್ಲುಗಾವಲಿನ ಅಂಚಿನ ಪೊದೆ ಸವರುವುದು. ಸುತ್ತಲಿನ ಜೀವಿಗಳ ಪಾತ್ರವೂ ಸಣ್ಣದಲ್ಲ. ಅಮೆರಿಕದ ಪೂರ್ವದಲ್ಲಿ ಬಿಳಿಗಾಲಿನ ಇಲಿ ಬೊರೇಲಿಯಾವನ್ನು ಉಣುಗಿಗೆ ಧಾರಾಳವಾಗಿ ದಾಟಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಳೆಯ ಉಣುಗುಗಳು ಹೆಚ್ಚಾಗಿ ಹೀರುವುದು ಬೇಲಿಯ ಮೇಲೆ ಬಿಸಿಲು ಕಾಯಿಸುವ ಒಂದು ಬಗೆಯ ಓತಿಕ್ಯಾತದ ರಕ್ತವನ್ನು. ಆ ರಕ್ತದಲ್ಲಿ ಬೊರೇಲಿಯಾವನ್ನು ಕೊಲ್ಲುವ ಅಂಶವಿದೆಯೆಂದು ಬರ್ಕ್ಲಿಯ ರಾಬರ್ಟ್ ಲೇನ್ 1990ರ ದಶಕದಲ್ಲಿ ತೋರಿಸಿಕೊಟ್ಟರು. ಪಶ್ಚಿಮದಲ್ಲಿ ಲೈಮ್ ವಿರಳವಾಗಿರಲು ಇದೂ ಒಂದು ಕಾರಣ.

ಈ ರೋಗಗಳನ್ನು ತರುವ ಅಮೆರಿಕ, ಯುರೋಪಿನ ಉಣುಗುಗಳು ನಮ್ಮ ದಕ್ಷಿಣ ಭಾರತದವಲ್ಲ. ಬೆಂಗಳೂರು, ಮೈಸೂರಿನ ರೇಸಿನ ಲಾಯಗಳಲ್ಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನಲ್ಲಿ, ಮದುವೆ ಮೆರವಣಿಗೆಗೆ, ಜಟಕಾಕ್ಕೆ ದುಡಿಯುವ ಕುದುರೆಗಳಿಗೆ ಕಾಡುವ ಉಣುಗು ಬೇರೆ, ಜ್ವರವೂ ಬೇರೆ. ಆದರೆ ಒಂದು ಎಚ್ಚರಿಕೆಯನ್ನು ಇಲ್ಲಿ ಗಟ್ಟಿಯಾಗಿಯೇ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಹಸು, ಎಮ್ಮೆಗಳ ಉಣುಗಿಗೆ ಅಮಿಟ್ರಾಜ್ ಎಂಬ ಔಷಧಿಯನ್ನು ನೀರಿಗೆ ಬೆರೆಸಿ ಮೈಗೆ ಸವರುವುದು ಮಾಮೂಲು. ಅದನ್ನು ಕುದುರೆಗೆ ಸವರಬಾರದು. ಕುದುರೆಯ ದೊಡ್ಡ ಕರುಳಿನ ಚಲನೆ ಅದರಿಂದ ನಿಂತು, ಮೇವು ಒಳಗೇ ಗಟ್ಟಿಯಾಗಿ ಕೂತು, ಹೊಟ್ಟೆಶೂಲೆಯಲ್ಲಿ ಹೊರಳಾಡಿ ಪ್ರಾಣಿ ಸಾಯಬಹುದು. ಉಳಿದ ಔಷಧಿಯನ್ನು ಕುದುರೆಗೂ ಹಚ್ಚಿಬಿಡೋಣ ಎನ್ನುವ ಒಳ್ಳೆಯ ಮನಸ್ಸೇ ಅದರ ಪ್ರಾಣ ತೆಗೆಯಬಾರದು.

ಇಲ್ಲಿನ ಕುದುರೆಗೆ ಉಣುಗಿನಿಂದ ಬರುವ ಮುಖ್ಯ ಜ್ವರ ಪೈರೋಪ್ಲಾಸ್ಮೋಸಿಸ್. ಕಾರಣ ಬ್ಯಾಕ್ಟೀರಿಯಾ ಅಲ್ಲ, ಕೆಂಪು ರಕ್ತಕಣದೊಳಗೆ ಕೂರುವ ಥೈಲೇರಿಯಾ ಮತ್ತು ಬಬೀಸಿಯಾ ಎಂಬ ಪರಾವಲಂಬಿಗಳು. ಇದರಲ್ಲೂ ಜ್ವರ, ಮಂಕು, ಕಾಮಾಲೆ, ಕಾಲುಬಾವು. ಹೊರಗಿನಿಂದ ನೋಡಿದರೆ ಕ್ಯಾಲಿಫೋರ್ನಿಯಾದ ಆ ಜ್ವರವೇ ಅನ್ನಿಸಬೇಕು. ಔಷಧಿ ಬೇರೆ, ಇಮಿಡೋಕಾರ್ಬ್. ನೊಣ ತರುವ ಸರ್ರಾ ರೋಗದ ಜ್ವರವೂ ಹೀಗೇ ಬಂದು ಬಂದು ಹೋಗುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಅದರ ಜೀವಿಯನ್ನು ಕಂಡದ್ದು ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ. ಪೈರೋಪ್ಲಾಸ್ಮೋಸಿಸ್, ಸರ್ರಾ, ಅನಾಪ್ಲಾಸ್ಮೋಸಿಸ್ ಮೂರನ್ನೂ ಬೇರ್ಪಡಿಸಲು ದುಬಾರಿ ಯಂತ್ರ ಮೊದಲ ದಿನವೇ ಬೇಕಿಲ್ಲ. ಜ್ವರ ಏರಿರುವಾಗ, ಔಷಧಿ ಚುಚ್ಚುವ ಮೊದಲು, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿಟ್ಟುಕೊಂಡರೆ ಸಾಕು. ಕೆಂಪು ಕಣದೊಳಗೆ ನಾಲ್ಕು ಚುಕ್ಕಿ ಶಿಲುಬೆಯಂತೆ ಕೂಡಿದ್ದರೆ ಥೈಲೇರಿಯಾ, ಜೋಡಿ ಪೇರು ಹಣ್ಣಿನಂತಿದ್ದರೆ ಬಬೀಸಿಯಾ, ಕಣಗಳ ನಡುವೆ ಎಳೆಯಂತೆ ಬಳುಕಿದ್ದರೆ ಸರ್ರಾ, ಬಿಳಿ ಕಣದೊಳಗೆ ಹಿಪ್ಪುನೇರಳೆಯಿದ್ದರೆ ಅನಾಪ್ಲಾಸ್ಮಾ.